ಪ್ರಸ್ತಾವನೆ ಬರೆಯುವವರು ಒಬ್ಬರು, ಸಹಿ ಹಾಕುವವರು ಇನ್ನೊಬ್ಬರು

ನಮ್ಮ ಧರ್ಮಕೇಂದ್ರಗಳ ಯುವಜನ ಚಟುವಟಿಕೆಗಳಿಗೆ ಹಿಂದೆ ಹಣ ಎಲ್ಲಿಂದ ಬರುತ್ತಿತ್ತೆಂಬುದನ್ನು ಹಿರಿಯ ಓದುಗರಿಗೆ ನಾವು ಹೇಳಿಕೊಡಬೇಕಾಗಿಲ್ಲ. ತೆನೆಹಬ್ಬದಂದು ಇಗರ್ಜಿಯ ಅಂಗಳದಲ್ಲಿ ನಡೆಯುವ ಬಾಳೆಗೊನೆ, ಸೌತೆಕಾಯಿ, ಊರಕೋಳಿಗಳ ಏಲಂ; ಕ್ರಿಸ್ಮಸ್‌ಗೆ ಮುಂಚಿನ ರಾತ್ರಿಗಳಲ್ಲಿ ಮನೆಮನೆಗೆ ಹೋಗಿ ಹಾಡಿ ಕೂಡಿಸಿದ ಕಾಣಿಕೆ; ಕೊಲ್ಲಿ ರಾಷ್ಟ್ರಗಳಿಂದ ರಜೆಯಲ್ಲಿ ಬಂದವರು ವಿಗಾರರ ಕೈಗಿತ್ತು ಹೋದ ಲಕೋಟೆ. ಇಷ್ಟರಲ್ಲೇ ವೈಸಿಎಸ್‌ನ ಶಿಬಿರವೂ ಐಸಿವೈಎಂನ ನಾಟಕವೂ ನಡೆದುಹೋಗುತ್ತಿದ್ದವು. ಇದಕ್ಕಿಂತ ದೊಡ್ಡದಾದ ಕಾರ್ಯಕ್ಕೆ, ಅಂದರೆ ಒಂದು ಹೊಲಿಗೆ ತರಬೇತಿ ಕೇಂದ್ರಕ್ಕೋ ಸಂಜೆಯ ಪಾಠಶಾಲೆಗೋ, ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆಯ ಬಾಗಿಲು ತಟ್ಟುವುದು ವಾಡಿಕೆಯಾಗಿತ್ತು. ಜರ್ಮನಿಯ ಕಥೋಲಿಕ ಬಿಷಪರು 1958ರಲ್ಲಿ ಆರಂಭಿಸಿದ ಮಿಸೆರಿಯೋರ್, ನಮ್ಮ ದೇಶದ ಬಿಷಪರು 1962ರಲ್ಲಿ ಸ್ಥಾಪಿಸಿದ ಕಾರಿತಾಸ್ ಇಂಡಿಯಾ ಮುಂತಾದವುಗಳೊಡನೆ ಪತ್ರವ್ಯವಹಾರ ನಡೆಸುವ ವಿದ್ಯೆ ಅಲ್ಲಿನವರಿಗೆ ಕರಗತವಾಗಿತ್ತು. ಊರಿನವರು ತಮ್ಮ ಅಗತ್ಯವನ್ನು ತಮಗೆ ಬಂದ ಭಾಷೆಯಲ್ಲಿ ಹೇಳಿದರೆ ಸಾಕಾಗುತ್ತಿತ್ತು. ಅದನ್ನು ದಾನಿಗಳ ಭಾಷೆಯಲ್ಲಿ ಬರೆಯುವ ಹೊಣೆ ಬೇರೆಯವರದು.

ಈ ವ್ಯವಸ್ಥೆಯೊಳಗೆ ಇತ್ತೀಚಿನ ವರ್ಷಗಳಲ್ಲಿ ಹೊಸಬರೊಬ್ಬರ ಪ್ರವೇಶವಾಗಿದೆ. ಜನರ ಬಾಯಲ್ಲಿ ಇವರು 'ಪ್ರಾಜೆಕ್ಟ್ ಬರೆದುಕೊಡುವವರು'. ಯಾವ ಸಂಸ್ಥೆಯ ನೌಕರರೂ ಅಲ್ಲದ ಇವರು ತಮ್ಮ ಮನೆಯಲ್ಲೇ ಕುಳಿತು, ಕೇಳಿದ ಸಂಸ್ಥೆಗೆ ಅನುದಾನದ ಪ್ರಸ್ತಾವನೆಯನ್ನು ಸಿದ್ಧಪಡಿಸಿ ಕೊಡುತ್ತಾರೆ ಮತ್ತು ಅದಕ್ಕೆ ಶುಲ್ಕ ಪಡೆಯುತ್ತಾರೆ. ವಕೀಲರಿಗೂ ಲೆಕ್ಕಪರಿಶೋಧಕರಿಗೂ ಶುಲ್ಕ ಕೊಡುವ ನಾವು ಇವರಿಗೆ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಶುಲ್ಕವನ್ನು ಯಾವ ಕ್ರಮದಲ್ಲಿ ಕೊಡಲಾಗುತ್ತಿದೆ ಎಂಬುದು ಯೋಚಿಸತಕ್ಕ ವಿಷಯ. ಯುವಜನರಿಗಾಗಿ ದುಡಿಯುವ ನಮ್ಮ ಸಣ್ಣಪುಟ್ಟ ಸಂಸ್ಥೆಗಳ ಆಡಳಿತ ಸಮಿತಿಗಳಲ್ಲಿ ಈ ಅಂಕಣದ ಓದುಗರ ಪೈಕಿ ಅನೇಕರು ಕುಳಿತಿರುವುದರಿಂದ ಇದನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಇಂತಹವರಿಗೆ ಇದ್ದಕ್ಕಿದ್ದಂತೆ ಇಷ್ಟು ಬೇಡಿಕೆ ಬಂದದ್ದೇಕೆ? ಇದಕ್ಕೆ ಮುಖ್ಯ ಕಾರಣ ಕಾನೂನಿನಲ್ಲಾದ ಬದಲಾವಣೆ. ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಕಾಯಿದೆ 1976ರಿಂದಲೂ ಇದೆ. 2010ರಲ್ಲಿ ಅದರ ಸ್ಥಾನದಲ್ಲಿ ಹೊಸ ಕಾಯಿದೆ ಬಂದಿತು. ಆ ತನಕವೂ, ಆ ಬಳಿಕದ ಹತ್ತು ವರ್ಷಗಳಲ್ಲಿಯೂ, ದೊಡ್ಡ ಸಂಸ್ಥೆಯೊಂದು ಹೊರದೇಶದಿಂದ ಪಡೆದ ಹಣವನ್ನು ನಿಯಮಗಳಿಗೆ ಒಳಪಟ್ಟು ಸಣ್ಣ ಸಂಸ್ಥೆಗಳಿಗೆ ಹಂಚಿಕೊಡಲು ಸಾಧ್ಯವಿತ್ತು. 2020ರ ಸೆಪ್ಟೆಂಬರ್ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ಹಂಚಿಕೆಯನ್ನು ಸಂಪೂರ್ಣವಾಗಿ ನಿಷೇಧಿಸಿತು. ವಿದೇಶಿ ದೇಣಿಗೆ ಯಾರ ಹೆಸರಿಗೆ ಬರುತ್ತದೆಯೋ ಅವರೇ ಅದನ್ನು ವಿನಿಯೋಗಿಸಬೇಕು. ದೇಣಿಗೆ ಮೊದಲು ಬಂದು ಸೇರಬೇಕಾದ ಖಾತೆ ಭಾರತೀಯ ಸ್ಟೇಟ್ ಬ್ಯಾಂಕಿನ ಹೊಸದಿಲ್ಲಿಯ ಮುಖ್ಯ ಶಾಖೆಯಲ್ಲೇ ಇರಬೇಕು. ಆಡಳಿತ ವೆಚ್ಚದ ಮಿತಿ 50 ಶೇಕಡಾದಿಂದ 20 ಶೇಕಡಾಕ್ಕೆ ಇಳಿಯಿತು. ಹೊಸದಾಗಿ ನೋಂದಣಿ ಬೇಕೆನ್ನುವ ಸಂಸ್ಥೆಗೆ ಮೂರು ವರ್ಷಗಳ ಅಸ್ತಿತ್ವವಿರಬೇಕು ಮತ್ತು ಆ ಮೂರು ವರ್ಷಗಳಲ್ಲಿ ಅದು ತನ್ನ ಮೂಲ ಉದ್ದೇಶಗಳಿಗಾಗಿ ಕನಿಷ್ಠ 15 ಲಕ್ಷ ರೂಪಾಯಿ ವ್ಯಯಿಸಿರಬೇಕು. ಹೊಲಿಗೆ ಯಂತ್ರ ಎಂಟು, ಮೇಜು ನಾಲ್ಕು ಎಂಬಷ್ಟರ ಆಸ್ತಿಯುಳ್ಳ ಧರ್ಮಕೇಂದ್ರದ ಟ್ರಸ್ಟೊಂದಕ್ಕೆ ಇದು ಕೈಗೆ ನಿಲುಕುವ ಮಾತಲ್ಲ. ಜಗತ್ತೇ ಬಲ್ಲ ಮಿಷನರೀಸ್ ಆಫ್ ಚಾರಿಟಿಯ ನವೀಕರಣವನ್ನೇ 2021ರ ಕ್ರಿಸ್ಮಸ್ ದಿನ ಕೇಂದ್ರ ಗೃಹ ಸಚಿವಾಲಯ ನಿರಾಕರಿಸಿ, 2022ರ ಜನವರಿ ಮೊದಲ ವಾರದಲ್ಲಿ ಮರಳಿ ನೀಡಿದ್ದು ಓದುಗರ ನೆನಪಿನಲ್ಲಿರಬಹುದು.

ಒಂದು ಬಾಗಿಲು ಹೀಗೆ ಕಿರಿದಾಗುವ ಹೊತ್ತಿಗೆ ಇನ್ನೊಂದು ತೆರೆದಿತ್ತು. 2013ರ ಕಂಪೆನಿ ಕಾಯಿದೆಯ ಪ್ರಕಾರ ನಿಗದಿತ ಮಟ್ಟವನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ 2 ಶೇಕಡಾ ಮೊತ್ತವನ್ನು ಸಮಾಜಕಾರ್ಯಕ್ಕೆ ವ್ಯಯಿಸಬೇಕು. ಸಿಎಸ್‌ಆರ್ ಎಂದು ಎಲ್ಲರೂ ಕರೆಯುವ ಈ ವ್ಯವಸ್ಥೆ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದ್ದು, 2022-23ನೇ ಸಾಲಿನಲ್ಲಿ ಇಡೀ ದೇಶದಲ್ಲಿ ಹೀಗೆ ವ್ಯಯವಾದದ್ದು ಸುಮಾರು 30 ಸಾವಿರ ಕೋಟಿ ರೂಪಾಯಿ. ಕಂಪೆನಿ ತಾನಿರುವ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಕಾಯಿದೆ ಹೇಳುತ್ತದೆ. ಎಂಆರ್‌ಪಿಎಲ್, ಕರ್ಣಾಟಕ ಬ್ಯಾಂಕುಗಳಂತಹ ಕಂಪೆನಿಗಳು ಮಂಗಳೂರಿನಲ್ಲೇ ಇರುವಾಗ ನಮ್ಮವರ ದೃಷ್ಟಿ ಅತ್ತ ಹರಿದದ್ದು ಸಹಜ. ಆದರೆ ಕಂಪೆನಿಗೆ ಬೇಕಾಗಿರುವುದು ವಿಗಾರರ ಶಿಫಾರಸು ಪತ್ರವಲ್ಲ. 2021ರ ಏಪ್ರಿಲ್‌ನಿಂದ ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆ ಕೇಂದ್ರದ ಕಂಪೆನಿ ವ್ಯವಹಾರಗಳ ಸಚಿವಾಲಯದಲ್ಲಿ ನೋಂದಾಯಿಸಿಕೊಂಡಿರಬೇಕು, ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಪಡೆದಿರಬೇಕು. ಇದರ ಮೇಲೆ ಗುರಿ, ಫಲಾನುಭವಿಗಳ ಸಂಖ್ಯೆ, ತ್ರೈಮಾಸಿಕ ವರದಿ, ಪರಿಣಾಮದ ಅಳತೆಗೋಲು ಎಂದು ಇಪ್ಪತ್ತು ಪುಟಗಳ ನಮೂನೆ, ಅದೂ ಇಂಗ್ಲಿಷಿನಲ್ಲಿ. ಮಕ್ಕಳಿಗೆ ಗಣಿತ ಕಲಿಸಬಲ್ಲ ನಿವೃತ್ತ ಮುಖ್ಯೋಪಾಧ್ಯಾಯರೂ ಈ ನಮೂನೆಯ ಮುಂದೆ ಪೆನ್ನು ಕೆಳಗಿಟ್ಟದ್ದನ್ನು ನಾವು ಕಂಡಿದ್ದೇವೆ. ಪ್ರಾಜೆಕ್ಟ್ ಬರೆದುಕೊಡುವವರ ಅಗತ್ಯ ಹುಟ್ಟಿಕೊಂಡದ್ದು ಇಲ್ಲಿ.

ನಮಗೆ ಹತ್ತಿರದಿಂದ ಗೊತ್ತಿರುವ ಸಂಸ್ಥೆಯೊಂದರಲ್ಲಿ ಮುಂದೆ ಏನಾಯಿತೆಂಬುದನ್ನು ಹೇಳುತ್ತೇವೆ. ಹೆಸರು ಬೇಡ, ಅಲ್ಲಿನವರಾರೂ ಕೆಟ್ಟವರಲ್ಲ. ಎಸ್ಸೆಸ್ಸೆಲ್ಸಿಯಲ್ಲೋ ಪಿಯುಸಿಯಲ್ಲೋ ಅನುತ್ತೀರ್ಣರಾಗಿ ದಕ್ಕೆಯಲ್ಲಿ, ಗ್ಯಾರೇಜುಗಳಲ್ಲಿ ದಿನಗೂಲಿಗೆ ಸೇರುವ ಹುಡುಗರಿಗೆ ವಯರಿಂಗ್ ಮತ್ತು ಎ.ಸಿ. ದುರಸ್ತಿ, ಹುಡುಗಿಯರಿಗೆ ಹೊಲಿಗೆ ಮತ್ತು ಕಂಪ್ಯೂಟರ್ ಲೆಕ್ಕಪತ್ರ ಕಲಿಸುವ ಟ್ರಸ್ಟ್ ಅದು. ಎರಡು ಕೊಠಡಿ, ಇಬ್ಬರು ಬೋಧಕರು, ವರ್ಷಕ್ಕೆ ಹೆಚ್ಚೆಂದರೆ ಎಪ್ಪತ್ತು ಮಂದಿ ಕಲಿಯುವವರು. ಅವರಲ್ಲಿ ಕ್ರೈಸ್ತರು ಅರ್ಧಕ್ಕಿಂತ ಕಡಿಮೆ. ಧರ್ಮಪ್ರಾಂತ್ಯದ ಸಂಸ್ಥೆಯ ಮೂಲಕ ಬರುತ್ತಿದ್ದ ನೆರವು ನಿಂತ ಮೇಲೆ ಎರಡು ವರ್ಷ ಅವರು ಹೇಗೋ ಹೌಸಿ ಹೌಸಿ, ಸ್ಮರಣ ಸಂಚಿಕೆಯ ಜಾಹೀರಾತು ಎಂದು ಕಾಲ ತಳ್ಳಿದರು. ಆಗ ಬೆಂಗಳೂರಿನಿಂದ ಒಬ್ಬರು ದೂರವಾಣಿಯಲ್ಲಿ ಮಾತನಾಡಿ, ಕಂಪೆನಿಯೊಂದಕ್ಕೆ ಪ್ರಸ್ತಾವನೆ ಬರೆದುಕೊಡುವುದಾಗಿಯೂ, ಈಗ ಏನೂ ಕೊಡಬೇಕಾಗಿಲ್ಲವೆಂದೂ, ಮಂಜೂರಾದರೆ ಒಟ್ಟು ಮೊತ್ತದ 10 ಶೇಕಡಾ ತಮಗೆ ಸಲ್ಲಬೇಕೆಂದೂ ಹೇಳಿದರು. ಸಮಿತಿಗೆ ಇದು ಬಹಳ ನ್ಯಾಯವಾಗಿ ಕಂಡಿತು. ಸಿಕ್ಕರೆ ಕೊಡುವುದು, ಸಿಗದಿದ್ದರೆ ನಷ್ಟವಿಲ್ಲ.

ಪ್ರಸ್ತಾವನೆ ಸಿದ್ಧವಾಗಿ ಬಂತು. ಇಂಗ್ಲಿಷ್ ಸೊಗಸಾಗಿತ್ತು. ಮೊತ್ತ 30 ಲಕ್ಷ ರೂಪಾಯಿ, ಫಲಾನುಭವಿಗಳು 300. ಎಪ್ಪತ್ತು ಮುನ್ನೂರಾದದ್ದು ಹೇಗೆಂದು ಒಬ್ಬರು ಕೇಳಿದ್ದಕ್ಕೆ, ಕಡಿಮೆ ಸಂಖ್ಯೆಯನ್ನು ಕಂಪೆನಿಗಳು ನೋಡುವುದೇ ಇಲ್ಲವೆಂಬ ಉತ್ತರ ಬಂತು. ಪ್ರಸ್ತಾವನೆ ಮಂಜೂರಾಯಿತು. ಮೊದಲ ಕಂತಾಗಿ 12 ಲಕ್ಷ ಬಂದ ವಾರದಲ್ಲೇ ಬೆಂಗಳೂರಿನವರು ತಮ್ಮ ಪಾಲು ಕೇಳಿದರು: ಒಪ್ಪಂದದಂತೆ ಒಟ್ಟು ಮೊತ್ತದ 10 ಶೇಕಡಾ, ಅಂದರೆ 3 ಲಕ್ಷ. ಬಂದ ಹಣದ ಕಾಲು ಭಾಗ!

ಆ ದಿನದ ಸಭೆಯಲ್ಲಿ ನಾವೂ ಇದ್ದೆವು. ಕೋಶಾಧಿಕಾರಿ ನಿವೃತ್ತ ಬ್ಯಾಂಕ್ ಅಧಿಕಾರಿ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ಕರ್ಣಾಟಕ, ವಿಜಯ ಎಂದು ಐದು ಬ್ಯಾಂಕುಗಳನ್ನು ಹೆತ್ತ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಪ್ರತಿ ಸಂಘಕ್ಕೂ ಇಂತಹ ಒಬ್ಬ ಕೋಶಾಧಿಕಾರಿ ಸಿಗುವುದು ನಮ್ಮ ಭಾಗ್ಯ. (ಇವುಗಳಲ್ಲಿ ಮೂರರ ಹೆಸರು 2019 ಮತ್ತು 2020ರ ವಿಲೀನಗಳಲ್ಲಿ ಅಳಿಸಿಹೋದದ್ದು ಬೇರೆ ವಿಷಯ.) ಅವರು ಕೇಳಿದ್ದು ಒಂದೇ ಪ್ರಶ್ನೆ: "ಈ ಮೂರು ಲಕ್ಷವನ್ನು ನಾನು ಯಾವ ಶೀರ್ಷಿಕೆಯಲ್ಲಿ ಬರೆಯಲಿ?" ಮಂಜೂರಾದ ಆಯವ್ಯಯದಲ್ಲಿ ಬೋಧಕರ ಸಂಬಳವಿತ್ತು, ಯಂತ್ರಗಳಿದ್ದವು, ಸಾಮಗ್ರಿಯಿತ್ತು, ಪ್ರಸ್ತಾವನೆ ಬರೆದವರ ಪಾಲು ಎಂಬ ಸಾಲು ಎಲ್ಲಿಯೂ ಇರಲಿಲ್ಲ. 'ತರಬೇತಿ ಸಾಮಗ್ರಿ' ಎಂದು ಬರೆದುಬಿಡಿ, ಎಲ್ಲರೂ ಹಾಗೆಯೇ ಮಾಡುತ್ತಾರೆಂಬ ಸಲಹೆ ದೂರವಾಣಿಯಲ್ಲೇ ಬಂತು. ಅಂತಹ ಬಿಲ್ಲುಗಳನ್ನು ಒದಗಿಸುವ ಅಂಗಡಿಯ ವಿಳಾಸವೂ ಬಂತು. ಕೋಶಾಧಿಕಾರಿ ಎದ್ದು ಹೋಗಲಿಲ್ಲ, ಸಹಿ ಹಾಕಿದರು. ಕೊಟ್ಟ ಮಾತನ್ನು ಉಳಿಸಬೇಕೆಂದು ಎಲ್ಲರೂ ಹೇಳಿದಾಗ ನಾವೂ ಸುಮ್ಮನಿದ್ದೆವು.

ಏಳನೆಯ ತಿಂಗಳಲ್ಲಿ ಕಂಪೆನಿಯ ಇಬ್ಬರು ಅಧಿಕಾರಿಗಳು ಬಂದರು. ಹಾಜರಿ ಪುಸ್ತಕ ನೋಡಿದರು, ಕೊಠಡಿಗಳಲ್ಲಿ ತಲೆ ಎಣಿಸಿದರು, ಮೂರು ಲಕ್ಷದ ಸಾಮಗ್ರಿ ಎಲ್ಲಿದೆಯೆಂದು ಕೇಳಿದರು. ಎರಡನೆಯ ಕಂತು ಬರಲಿಲ್ಲ. ಬೋಧಕರಿಬ್ಬರಿಗೆ ನಾಲ್ಕು ತಿಂಗಳ ಸಂಬಳ ಬಾಕಿಯಾಯಿತು. ಎ.ಸಿ. ದುರಸ್ತಿಯ ತರಗತಿಯಲ್ಲಿ ಹದಿನಾರು ಹುಡುಗರಿದ್ದರು; ಕಂಪ್ರೆಸರ್ ಬಿಚ್ಚಿ ಜೋಡಿಸುವ ಪಾಠಕ್ಕೆ ಮೊದಲೇ ತರಗತಿ ನಿಂತಿತು. ಅವರಲ್ಲೊಬ್ಬ ದಕ್ಕೆಯ ಕೂಲಿ ಬಿಟ್ಟು ಬಂದವನು. "ಇವನು ಪುನಃ ದಕ್ಕೆಗೆ ಹೋಗಬೇಕೋ, ಇಲ್ಲ ಕಾಯಬೇಕೋ, ನೀವೇ ಹೇಳಿ" ಎಂದು ಅವನ ತಾಯಿ ಕೇಳಿದಾಗ ಸಮಿತಿಯ ಯಾರಲ್ಲಿಯೂ ಉತ್ತರವಿರಲಿಲ್ಲ. ಬೆಂಗಳೂರಿನವರನ್ನು ಸಂಪರ್ಕಿಸಿದಾಗ, "ಬರೆದುಕೊಟ್ಟವನು ನಾನು, ಓದಿ ಸಹಿ ಹಾಕಿದವರು ನೀವು" ಎಂದರಂತೆ. ಆ ಮಾತು ಕಹಿಯಾದರೂ ಸುಳ್ಳಲ್ಲ. ಮೂರು ಲಕ್ಷವನ್ನು ವಿಶ್ವಸ್ತರು ತಮ್ಮ ಕೈಯಿಂದ ಕೂಡಿಸಿ ಕಂಪೆನಿಗೆ ಮರಳಿಸಿದರು. ಕೋಶಾಧಿಕಾರಿಯ ಮನೆಯಿಂದ ಬಂದದ್ದು ಅವರ ನಿಶ್ಚಿತ ಠೇವಣಿಯ ಹಣ.

ಇದನ್ನು ಒಬ್ಬ ಮೋಸಗಾರನ ಕಥೆಯೆಂದು ಓದಿ ಮರೆತುಬಿಡುವುದು ಸುಲಭ. ನಮಗೆ ಹಾಗೆ ತೋರುವುದಿಲ್ಲ. ಆ ಮನುಷ್ಯ ಎರಡು ವಾರ ಕುಳಿತು ಕೆಲಸ ಮಾಡಿದ್ದಾನೆ. ಮಂಜೂರಾಗದಿದ್ದರೆ ಒಂದು ಕಾಸೂ ಸಿಗುವುದಿಲ್ಲವೆಂಬ ಷರತ್ತಿನ ಮೇಲೆ ಹತ್ತು ಕಡೆ ಬರೆದು, ಎಂಟು ಕಡೆ ಬರಿಗೈಯಲ್ಲಿ ಮರಳುವವನು ಉಳಿದ ಎರಡರಲ್ಲಿ ಎಲ್ಲವನ್ನೂ ತುಂಬಿಕೊಳ್ಳಲು ನೋಡುವುದು ಆ ಷರತ್ತಿನಲ್ಲೇ ಅಡಗಿದೆ. ಮೊತ್ತ ದೊಡ್ಡದಾದಷ್ಟು ಅವನ ಪಾಲು ದೊಡ್ಡದು. ಮೊತ್ತ ದೊಡ್ಡದಾಗಬೇಕಾದರೆ ಎಪ್ಪತ್ತು ಮುನ್ನೂರಾಗಲೇಬೇಕು. ಶುಲ್ಕದ ಕ್ರಮವೇ ಸುಳ್ಳನ್ನು ಬೇಡುವಾಗ ಬರೆಯುವವನ ಸತ್ಯಸಂಧತೆಯನ್ನು ಮಾತ್ರ ನೆಚ್ಚಿ ಕೂರುವುದು ಜಾಣತನವಲ್ಲ.

ಅಮೆರಿಕದಲ್ಲಿ ಈ ವೃತ್ತಿ ನಮ್ಮಲ್ಲಿಗಿಂತ ಬಹಳ ಹಿಂದೆಯೇ ಬೆಳೆಯಿತು, ಈ ರೋಗವನ್ನೂ ಅಲ್ಲಿನವರು ಮೊದಲೇ ಗುರುತಿಸಿದರು. ನಿಧಿಸಂಗ್ರಾಹಕರ ವೃತ್ತಿಸಂಘವೊಂದು ಅಲ್ಲಿ 1960ರಲ್ಲಿ ಸ್ಥಾಪನೆಯಾಗಿ 1964ರಲ್ಲಿ ತನ್ನ ಸದಸ್ಯರಿಗಾಗಿ ನೀತಿಸಂಹಿತೆಯೊಂದನ್ನು ಅಂಗೀಕರಿಸಿತು. ಸಂಗ್ರಹವಾದ ಹಣದಲ್ಲಿ ಶೇಕಡಾವಾರು ಪಾಲು ಪಡೆಯುವುದನ್ನು ಈ ಸಂಘದ ಸಂಹಿತೆ ನಿಷೇಧಿಸುತ್ತದೆ. ಅನುದಾನ ಬರಹಗಾರರದೇ ಆದ ಪ್ರತ್ಯೇಕ ಸಂಘವೂ ಅಲ್ಲಿ ಇದೆ. ಅದರ ನಿಲುವೂ ಇದೇ. ಕೆಲಸಕ್ಕೆ ಕೂಲಿ ಉಂಟು, ದಾನದಲ್ಲಿ ಪಾಲು ಇಲ್ಲ ಎಂಬುದು ಅದರ ತಾತ್ಪರ್ಯ. ಹಣದ ವಿಷಯದಲ್ಲಿ ಅಮೆರಿಕದವರಿಂದ ಸಂಯಮದ ಪಾಠ ಕಲಿಯಬೇಕಾಗಿ ಬಂದದ್ದು ವಿಚಿತ್ರವೆನಿಸಿದರೂ ಈ ಪಾಠ ಕಲಿಯತಕ್ಕದ್ದೇ.

ನಮ್ಮಲ್ಲಿ ಈ ಶೇಕಡಾವಾರು ಪದ್ಧತಿಯನ್ನು ಬರೆಯುವವರು ಕೇಳುವುದಕ್ಕಿಂತ ಹೆಚ್ಚಾಗಿ ಸಂಸ್ಥೆಗಳೇ ಮುಂದಿಡುತ್ತವೆಂಬುದನ್ನೂ ಮುಚ್ಚಿಡಬಾರದು. ಮಂಗಳೂರಿನ ರೋಶನಿ ನಿಲಯದಂತಹ ಸಮಾಜಕಾರ್ಯ ವಿದ್ಯಾಲಯಗಳಲ್ಲಿ ಕಲಿತು ಸ್ನಾತಕೋತ್ತರ ಪದವಿ ಪಡೆದು, ಮದುವೆಯಾಗಿ, ಮಕ್ಕಳು ಚಿಕ್ಕವರಾದ್ದರಿಂದ ಮನೆಯಲ್ಲೇ ಇರುವ ಎಷ್ಟೋ ಹೆಣ್ಣುಮಕ್ಕಳು ನಮ್ಮ ಕುಟುಂಬಗಳಲ್ಲಿದ್ದಾರೆ. ಇಂಗ್ಲಿಷ್ ಬಲ್ಲವರು, ಯೋಜನೆ ರೂಪಿಸುವುದನ್ನು ಪಾಠವಾಗಿಯೇ ಓದಿದವರು. ಇವರಲ್ಲಿ ಕೆಲವರು ದೂರದ ನಗರಗಳ, ಹೊರದೇಶಗಳ ಸಂಸ್ಥೆಗಳಿಗೆ ಬರೆದುಕೊಟ್ಟು ಗೌರವದ ಸಂಭಾವನೆ ಪಡೆಯುತ್ತಿದ್ದಾರೆ. ತಮ್ಮದೇ ಊರಿನ ಸಂಸ್ಥೆಯಿಂದ ಇವರಿಗೆ ಬರುವ ಕರೆ ಮಾತ್ರ ಬೇರೆ ಧಾಟಿಯದು: "ನಮ್ಮದೇ ಕೆಲಸ ಅಲ್ವಾ ಬಾಯಿ, ಸ್ವಲ್ಪ ಬರೆದುಕೊಡಿ. ಹಣ ಬಂದರೆ ನಿಮ್ಮನ್ನು ಮರೆಯುವುದಿಲ್ಲ." ಇಗರ್ಜಿಗೆ ಬಣ್ಣ ಬಳಿಯುವವನಿಗೆ ಹೀಗೆ ಹೇಳುವ ಧೈರ್ಯ ನಮಗಿಲ್ಲ, ಬಣ್ಣ ಬಳಿದ ದಿನವೇ ಅವನ ಕೂಲಿ ಕೊಡುತ್ತೇವೆ, ಜನ ಮೆಚ್ಚಿದರೆ ಮಾತ್ರ ಕೊಡುತ್ತೇವೆ ಎನ್ನುವುದಿಲ್ಲ. ಬರವಣಿಗೆಯನ್ನು ಕೆಲಸವೆಂದೇ ಎಣಿಸದ ಈ ಹಳೆಯ ಅಭ್ಯಾಸ, ಕೊನೆಗೆ ನಮ್ಮನ್ನು ಶೇಕಡಾ ಹತ್ತು ಕೇಳುವವರ ಕೈಗೆ ಒಪ್ಪಿಸುತ್ತದೆ.

ಶುಲ್ಕಕ್ಕೆ ಹಣವೆಲ್ಲಿಂದ ಎಂಬ ಪ್ರಶ್ನೆ ನ್ಯಾಯವಾದದ್ದೇ. ಒಪ್ಪಂದಕ್ಕೆ ಮೊದಲು ಆದ ಖರ್ಚನ್ನು ಸಾಮಾನ್ಯವಾಗಿ ಯಾವ ದಾನಿಯೂ ಭರಿಸುವುದಿಲ್ಲ. ವಿದೇಶಿ ದೇಣಿಗೆಯಿಂದ ಕೊಡುವುದಾದರೆ, ವೃತ್ತಿಶುಲ್ಕವೂ ವರದಿ ಬರೆಯುವ ವೆಚ್ಚವೂ ನಿಯಮದ ಪ್ರಕಾರ ಆಡಳಿತ ವೆಚ್ಚದಲ್ಲೇ ಸೇರುತ್ತವೆ, ಅಂದರೆ ಆ 20 ಶೇಕಡಾದ ಮಿತಿಯೊಳಗೆ ಬರುತ್ತವೆ; ಬಾಡಿಗೆ, ವಿದ್ಯುತ್, ಲೆಕ್ಕಪತ್ರದ ಖರ್ಚುಗಳೊಡನೆ ಇದೂ ಅಲ್ಲಿಯೇ ಹಿಡಿಸಬೇಕು. ಹಾಗಾಗಿ ಪ್ರಸ್ತಾವನೆಯ ಶುಲ್ಕವನ್ನು ಊರಿನ ಹಣದಿಂದ, ಅಂದರೆ ಏಲಂ, ಸದಸ್ಯತ್ವ ಶುಲ್ಕ, ಸ್ಥಳೀಯ ದಾನಿಗಳ ಕಾಣಿಕೆಯಿಂದ, ವರ್ಷಾರಂಭದಲ್ಲೇ ಬೇರೆ ತೆಗೆದಿಡುವುದು ಉತ್ತಮ. ಅದಕ್ಕೆ ಮಹಾಸಭೆಯ ಒಪ್ಪಿಗೆ ಪಡೆದರೆ ಕೋಶಾಧಿಕಾರಿ ಯಾವ ಶೀರ್ಷಿಕೆಯನ್ನೂ ಹುಡುಕಬೇಕಾಗಿಲ್ಲ. 'ಪ್ರಸ್ತಾವನೆ ಬರೆದ ಶುಲ್ಕ' ಎಂದೇ ಬರೆಯಬಹುದು. ಈ ಪುಟ್ಟ ಸಾಲನ್ನು ನಾಚಿಕೆಯಿಲ್ಲದೆ ಬರೆಯಬಲ್ಲ ಸಂಸ್ಥೆಗೆ ಬಿಲ್ಲು ಕೊಡುವ ಅಂಗಡಿಯ ಗೊಡವೆಯಿಲ್ಲ. ವರ್ಷಕ್ಕೆ 50 ಸಾವಿರ ಮೀರಿದ ವೃತ್ತಿಶುಲ್ಕದಿಂದ 10 ಶೇಕಡಾ ತೆರಿಗೆಯನ್ನು ಮೂಲದಲ್ಲೇ ಕಡಿತ ಮಾಡಬೇಕಾಗುತ್ತದೆಂಬುದನ್ನು ಮಾತ್ರ ಲೆಕ್ಕಪರಿಶೋಧಕರೊಡನೆ ಕೇಳಿಕೊಳ್ಳಬೇಕು; 2025ರ ಏಪ್ರಿಲ್‌ಗೆ ಮುನ್ನ ಈ ಮಿತಿ 30 ಸಾವಿರವಿತ್ತು.

ಒಪ್ಪಂದ ಬರವಣಿಗೆಯಲ್ಲಿರಲಿ. ಒಂದು ಪುಟ ಸಾಕು. ಯಾವ ದಾನಿಗೆ, ಯಾವ ದಿನದೊಳಗೆ, ಎಷ್ಟು ಶುಲ್ಕಕ್ಕೆ, ದಾನಿಯಿಂದ ಪ್ರಶ್ನೆಗಳು ಬಂದರೆ ಎಷ್ಟು ಸಲ ತಿದ್ದಿಕೊಡಬೇಕು, ಇಷ್ಟಿದ್ದರೆ ಆಯಿತು. ಅರ್ಧ ಮುಂಗಡ, ಉಳಿದರ್ಧ ಪ್ರಸ್ತಾವನೆ ಕೈಗೆ ಬಂದ ದಿನ. ಮಂಜೂರಾತಿಗೂ ಅದಕ್ಕೂ ಸಂಬಂಧ ಬೇಡ. ಹೊಸಬರಾದರೆ ಹಿಂದೆ ಬರೆದದ್ದನ್ನು ತೋರಿಸಲು ಹೇಳಬಹುದು. ಆದರೆ ಬೇರೆ ಸಂಸ್ಥೆಯ ಪೂರ್ಣ ಪ್ರಸ್ತಾವನೆಯನ್ನು, ಅದರ ಲೆಕ್ಕಪತ್ರ ಸಹಿತ, ಹಿಂದೆಮುಂದೆ ನೋಡದೆ ಮೇಜಿನ ಮೇಲಿಡುವವರನ್ನು ಬಂದ ದಾರಿಯಲ್ಲೇ ಕಳುಹಿಸುವುದು ಒಳ್ಳೆಯದು. ನಾಳೆ ನಮ್ಮದನ್ನೂ ಅವರು ಇನ್ನೊಬ್ಬರ ಮೇಜಿನ ಮೇಲೆ ಇಟ್ಟಾರು.

ಇದಕ್ಕಿಂತ ಮುಖ್ಯವಾದದ್ದು, ಬರೆಯುವವರಿಗೆ ನಾವು ಏನನ್ನು ಒಪ್ಪಿಸಬಹುದು, ಏನನ್ನು ಒಪ್ಪಿಸಬಾರದು ಎಂಬ ವಿವೇಕ. ಭಾಷೆಯನ್ನು ಒಪ್ಪಿಸಬಹುದು, ನಮೂನೆ ತುಂಬುವುದನ್ನು ಒಪ್ಪಿಸಬಹುದು, ಆಯವ್ಯಯದ ಅಂಕಣಗಳನ್ನು ಜೋಡಿಸುವುದನ್ನೂ ಒಪ್ಪಿಸಬಹುದು. ಎಷ್ಟು ಮಂದಿ ಕಲಿಯುತ್ತಾರೆ, ಅವರು ಯಾರ ಮಕ್ಕಳು, ಕಳೆದ ವರ್ಷ ಕಲಿತವರು ಈಗ ಎಲ್ಲಿದ್ದಾರೆ, ಅರ್ಧಕ್ಕೆ ಬಿಟ್ಟವರು ಏಕೆ ಬಿಟ್ಟರು ಎಂಬುದನ್ನು ದೂರದಲ್ಲಿ ಕುಳಿತ ಯಾರೂ ಬರೆಯಲಾರರು. ನಾವು ಹೇಳದಿದ್ದರೆ ಅವರು ಊಹಿಸುತ್ತಾರೆ, ಊಹೆ ಯಾವಾಗಲೂ ದೊಡ್ಡ ಸಂಖ್ಯೆಯ ಕಡೆಗೇ ವಾಲುತ್ತದೆ. ಇತ್ತೀಚೆಗೆ ಕಂಪ್ಯೂಟರಿನ ಕೃತಕ ಬುದ್ಧಿಮತ್ತೆಯಿಂದಲೇ ಪ್ರಸ್ತಾವನೆ ಬರೆಸುವವರೂ ಹೆಚ್ಚುತ್ತಿದ್ದಾರೆ. ಅದು ಕ್ಷಣದಲ್ಲಿ ಹತ್ತು ಪುಟ ಬರೆದುಕೊಡುತ್ತದೆ, ವ್ಯಾಕರಣದ ದೋಷವಿರುವುದಿಲ್ಲ. ಆದರೆ ದಕ್ಕೆಯ ಹುಡುಗ ಬೆಳಿಗ್ಗೆ ಒಂಬತ್ತರ ತರಗತಿಗೆ ಬರಲಾರ, ಮೀನಿನ ಏಲಂ ಮುಗಿದ ಮೇಲೆಯೇ ಬರಬಲ್ಲ ಎಂಬುದು ಆ ಯಂತ್ರಕ್ಕೂ ತಿಳಿಯದು, ಬೆಂಗಳೂರಿನವರಿಗೂ ತಿಳಿಯದು. ಅದು ತಿಳಿದಿರುವುದು ಬೋಧಕರಿಗೆ. ಸಮಿತಿಯ ಸಭೆಗೆ ಅವರನ್ನು ಕರೆಯುವ ರೂಢಿ ನಮ್ಮಲ್ಲಿಲ್ಲ.

ಮಕ್ಕಳ ಕಥೆಗಳ ಬಗ್ಗೆಯೂ ಒಂದು ಮಾತು. ದಾನಿಯ ಮನ ಕರಗಿಸಲೆಂದು ಹುಡುಗನ ಹೆಸರು, ಭಾವಚಿತ್ರ, ಅಪ್ಪನ ಕುಡಿತ, ಅಕ್ಕನ ದುರಂತ ಎಲ್ಲವನ್ನೂ ಪ್ರಸ್ತಾವನೆಯೊಳಗೆ ಇಳಿಸುವವರಿದ್ದಾರೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಕ್ಕಳ ಗುರುತನ್ನು ಬಹಿರಂಗಪಡಿಸುವುದನ್ನು 2015ರ ಬಾಲನ್ಯಾಯ ಕಾಯಿದೆ ನಿಷೇಧಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆ 18 ವರ್ಷ ತುಂಬದ ಎಲ್ಲರನ್ನೂ ಮಕ್ಕಳೆಂದೇ ಎಣಿಸಿ, ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಸಂಸ್ಥೆಯೊಡನೆ ಎರಡು ವಾರದ ಸಂಬಂಧ ಮಾತ್ರ ಇರುವ ಹೊರಗಿನವರ ಕಂಪ್ಯೂಟರಿನಲ್ಲಿ ನಮ್ಮ ಹುಡುಗಿಯರ ಹೆಸರು, ಭಾವಚಿತ್ರ, ವಿಳಾಸಗಳು ಎಷ್ಟು ವರ್ಷ ಬಿದ್ದಿರುತ್ತವೆ ಎಂದು ತಂದೆತಾಯಿಯರು ಕೇಳುವುದಿಲ್ಲ, ಏಕೆಂದರೆ ಕಳುಹಿಸಿದ್ದೇ ಅವರಿಗೆ ಗೊತ್ತಿಲ್ಲ. ಹೆಸರಿಲ್ಲದೆಯೂ ಸತ್ಯ ಹೇಳಲು ಬರುತ್ತದೆ.

ಮೇಲೆ ಹೇಳಿದ ಟ್ರಸ್ಟ್ ಒಂದು ವರ್ಷ ಬಾಗಿಲು ಮುಚ್ಚಿತ್ತು. ಕಳೆದ ವರ್ಷ ಪುನಃ ಸಭೆ ಸೇರಿದಾಗ ಹಳೆಯ ಕೋಶಾಧಿಕಾರಿಯೇ ಆ ಹೊಣೆಯನ್ನು ಮತ್ತೆ ವಹಿಸಿಕೊಳ್ಳಲು ಒಪ್ಪಿದರು. ಎರಡು ಷರತ್ತು ಹಾಕಿದರು. ಬೋಧಕರು ಸಭೆಗೆ ಬರಬೇಕು, ಪ್ರಸ್ತಾವನೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದ ಬಳಿಕವೇ ಇಂಗ್ಲಿಷ್ ಪ್ರತಿಗೆ ಸಹಿಯಾಗಬೇಕು. ಪಕ್ಕದ ಧರ್ಮಕೇಂದ್ರದ ಮಹಿಳೆಯೊಬ್ಬರನ್ನು ನಿಗದಿತ ಶುಲ್ಕಕ್ಕೆ ಗೊತ್ತು ಮಾಡಿದರು. ಆಕೆ ಮೊದಲ ದಿನ ಪೆನ್ನು ಹಿಡಿಯಲೇ ಇಲ್ಲ. ಎರಡು ಸಂಜೆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿದ್ದು, ಹಳೆಯ ವಿದ್ಯಾರ್ಥಿಗಳಲ್ಲಿ ಸಿಕ್ಕಷ್ಟು ಮಂದಿಯ ಮನೆಗೆ ಹೋಗಿ ಬಂದರು. ತಾವು ಕಲಿಸಿದವರಲ್ಲಿ ಎಷ್ಟು ಮಂದಿಗೆ ಕೆಲಸ ಸಿಕ್ಕಿದೆಯೆಂಬುದು ಸಮಿತಿಗೆ ಗೊತ್ತಾದದ್ದೇ ಆಗ. ಸಂಖ್ಯೆ ಅವರು ನೆನೆದಿದ್ದಕ್ಕಿಂತ ಕಡಿಮೆಯಿತ್ತು, ಅದನ್ನು ಹಾಗೆಯೇ ಬರೆದರು. ಹಿಂದಿನ ಕಂಪೆನಿಯೊಡನೆ ನಡೆದದ್ದನ್ನೂ ಒಂದು ಪ್ಯಾರಾದಲ್ಲಿ ಬರೆದರು. ಬೇಡವೆಂದು ಇಬ್ಬರು ಸದಸ್ಯರು ಹಟ ಹಿಡಿದರೂ ಮತಕ್ಕೆ ಹಾಕಿದಾಗ ಪ್ಯಾರಾ ಉಳಿಯಿತು.

ಪ್ರಸ್ತಾವನೆ ಒಂಬತ್ತು ಪುಟ, ಕೇಳಿದ ಮೊತ್ತ 6 ಲಕ್ಷ, ಕಲಿಯುವವರು ನಲವತ್ತು, ತರಗತಿ ಸಂಜೆ ನಾಲ್ಕರಿಂದ ಏಳರ ತನಕ. ಬರೆದ ಮಹಿಳೆಗೆ ಶುಲ್ಕದ ಉಳಿದ ಭಾಗ ಅದೇ ದಿನ ಚೆಕ್ಕಿನ ಮೂಲಕ ಸಂದಿತು. ಕಂಪೆನಿಯಿಂದ ಈವರೆಗೆ ಬಂದದ್ದು ಎರಡು ಪ್ರಶ್ನೆಗಳು ಮಾತ್ರ. ಎರಡೂ ಆ ಪ್ಯಾರಾದ ಕುರಿತಾದವು. ಉತ್ತರ ಕಳುಹಿಸಲಾಗಿದೆ. ಬೋಧಕರಲ್ಲೊಬ್ಬರು ಈ ನಡುವೆ ಸಂಬಳವಿಲ್ಲದೆಯೇ ವಾರಕ್ಕೆರಡು ಸಂಜೆ ಬಂದು ವಯರಿಂಗ್ ಕಲಿಸುತ್ತಿದ್ದಾರೆ; ಹನ್ನೊಂದು ಹುಡುಗರು ಬರುತ್ತಿದ್ದಾರೆ.